ರಕ್ತದ ಟ್ಯೂಬಿನಲ್ಲಿ ವಿಕಿರಣದ ಲೆಕ್ಕ

2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಗೆ ವಿಶ್ವವಿದ್ಯಾಲಯವೊಂದರ ಹಳೆಯ ಕೋಬಾಲ್ಟ್-60 ಉಪಕರಣ ಬಂದು ಬಿತ್ತು. ಬಿಚ್ಚಿದವರಿಗೆ ಒಳಗೇನಿದೆ ಎಂಬುದು ಗೊತ್ತಿರಲಿಲ್ಲ. ಹಲವರು ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. ಅಣುಸ್ಥಾವರದ ನೌಕರರ ಎದೆಯ ಮೇಲೆ ಇರುವ ಡೋಸ್ ಬ್ಯಾಡ್ಜ್ ಗುಜರಿ ಅಂಗಡಿಯವರಿಗೆ ಎಲ್ಲಿಂದ ಬರಬೇಕು? ಎಷ್ಟು ವಿಕಿರಣ ತಗುಲಿತು ಎಂಬುದಕ್ಕೆ ಅವರ ರಕ್ತವೇ ಸಾಕ್ಷಿ ಹೇಳಬೇಕು.

ಈ ಸಾಕ್ಷಿ ಕೇಳುವ ಕೆಲಸ ಹಳೆಯದು. ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಮುರಿದ ಕ್ರೋಮೋಸೋಮ್‌ಗಳನ್ನೇ ಅಳತೆಗೋಲಾಗಿ ಬಳಸಬಹುದು ಎಂಬ ಯೋಚನೆ 1962ರ ಹೊತ್ತಿಗೇ ಬಂದಿತ್ತು. ಒಂದರ ಬದಲು ಎರಡು ಸೆಂಟ್ರೋಮಿಯರ್ (ಕ್ರೋಮೋಸೋಮಿನ ಗಂಟು) ಇರುವ ಡೈಸೆಂಟ್ರಿಕ್ ಕ್ರೋಮೋಸೋಮ್ ಸಹಜವಾಗಿ ಸಾವಿರ ಕೋಶಕ್ಕೆ ಒಂದರಷ್ಟು ಸಿಗುತ್ತದೆ. ವಿಕಿರಣ ತಗುಲಿದರೆ ಸಂಖ್ಯೆ ಏರುತ್ತದೆ. ಇಂದಿಗೂ ಮಾನದಂಡವೆಂದು ಒಪ್ಪಿರುವ ಪರೀಕ್ಷೆ ಇದೇ. ಆದರೆ ಕೋಶಗಳನ್ನು 48 ಗಂಟೆ ಬೆಳೆಸಬೇಕು, ಆಮೇಲೆ ಪಳಗಿದ ಕಣ್ಣೇ ಕೂತು ಎಣಿಸಬೇಕು. 1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾದಲ್ಲಿ ಸೀಸಿಯಂ-137 ಹರಡಿದಾಗ ತಪಾಸಣೆಗೆ ಬಂದವರು ಸುಮಾರು 1,12,000 ಮಂದಿ, ಮೈಗೆ ಅಥವಾ ಮೈಯೊಳಗೆ ಅದು ಅಂಟಿದ್ದವರು 249 ಮಂದಿ. ಅಷ್ಟು ಜನರಲ್ಲಿ ನಿಜವಾಗಿ ಯಾರಿಗೆ ತಗುಲಿದೆ ಎಂದು ಬೇಗ ಬೇರ್ಪಡಿಸಿ ಹೇಳುವ ಪರೀಕ್ಷೆ ಬೇಕೇಬೇಕೆಂಬುದು ಅಲ್ಲಿ ಮನದಟ್ಟಾಯಿತು.

ಆ ಪರೀಕ್ಷೆಯ ಬೀಜ ಜೀವಕೋಶದ ಸ್ವಂತ ಎಚ್ಚರಿಕೆ ವ್ಯವಸ್ಥೆಯಲ್ಲೇ ಇತ್ತು. ಒಂದು ಗ್ರೇ (ದೇಹ ಹೀರಿದ ವಿಕಿರಣದ ಅಳತೆ) ಗಾಮಾ ವಿಕಿರಣ ತಗುಲಿದರೆ ಪ್ರತಿ ಕೋಶದ ಡಿಎನ್‌ಎಯಲ್ಲಿ ಎರಡೂ ಎಳೆ ಒಟ್ಟಿಗೆ ತುಂಡಾಗುವ ಜಾಗಗಳು ಸುಮಾರು 35–40. ಎಟಿಎಂ ಎಂಬ ಕಿಣ್ವ ಇದನ್ನು ಗುರುತಿಸಿ ಪಿ53 ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುತ್ತದೆ. ಎಂಡಿಎಂ2 ಎಂಬ ಪ್ರೋಟೀನು ಸದಾ ನಾಶಪಡಿಸುತ್ತಿದ್ದ ಪಿ53 ಆಗ ಉಳಿದುಕೊಂಡು, ಕೋಶ ವಿಭಜನೆಯನ್ನು ತಡೆಯುವ ಸಿಡಿಕೆಎನ್1ಎ, ರಿಪೇರಿಗೆ ನೆರವಾಗುವ ಡಿಡಿಬಿ2, ಎಕ್ಸ್‌ಪಿಸಿ ಮೊದಲಾದ ವಂಶವಾಹಿಗಳನ್ನು ಚುರುಕುಗೊಳಿಸುತ್ತದೆ. ಚುರುಕಾದ ವಂಶವಾಹಿಯಿಂದ ಹೆಚ್ಚು ಆರ್‌ಎನ್‌ಎ ಪ್ರತಿಗಳು ಹೊರಡುತ್ತವೆ, ರಕ್ತದಲ್ಲಿ ಅವನ್ನು ಅಳೆಯುವುದೇ ಈ ಪರೀಕ್ಷೆ. ಎಂಡಿಎಂ2 ವಂಶವಾಹಿಯೂ ಅದೇ ಪಟ್ಟಿಯಲ್ಲಿದೆ. ಹಾಗಾಗಿ ಪಿ53 ತನ್ನ ಲಗಾಮನ್ನು ತಾನೇ ಹೆಣೆದುಕೊಳ್ಳುತ್ತದೆ, ಪ್ರತಿಕ್ರಿಯೆ ಏರಿ ಇಳಿಯುತ್ತದೆ. ಎಷ್ಟು ಹೊತ್ತಿಗೆ ರಕ್ತ ತೆಗೆದರು ಎಂಬ ಪ್ರಶ್ನೆಯ ತೂಕ ಇಲ್ಲೇ ಇರುವುದು.

2000ದಲ್ಲಿ ಅಮೆರಿಕದ ಸ್ಯಾಲಿ ಅಮುಂಡ್ಸನ್ ಮತ್ತು ಸಹೋದ್ಯೋಗಿಗಳು ಮಾನವ ಲಿಂಫೋಸೈಟ್‌ಗಳಲ್ಲಿ ಈ ವಂಶವಾಹಿಗಳು 0.2ರಿಂದ 2 ಗ್ರೇವರೆಗೆ ಡೋಸ್‌ಗೆ ತಕ್ಕಂತೆ ಏರುವುದನ್ನು ತೋರಿಸಿದರು. 2008ರಲ್ಲಿ 74 ವಂಶವಾಹಿಗಳ ಸಹಿಯೊಂದು, ಅಂದರೆ ಒಟ್ಟಾಗಿ ವಿಕಿರಣದ ಗುರುತು ಹೇಳುವ ಗುಂಪೊಂದು, ಬಂತು. 6 ಗಂಟೆಗೆ ತೆಗೆದರೂ 24 ಗಂಟೆಗೆ ತೆಗೆದರೂ ಅದು 0.5, 2, 5 ಮತ್ತು 8 ಗ್ರೇಗಳನ್ನು ಬೇರ್ಪಡಿಸಿತು. ಆಮೇಲೆ ಪಟ್ಟಿಗಳ ಮೇಲೆ ಪಟ್ಟಿ. ಅವುಗಳಲ್ಲಿ ಗಟ್ಟಿಯಾಗಿ ನಿಂತಿರುವುದು ಎಫ್‌ಡಿಎಕ್ಸ್‌ಆರ್ ಎಂಬ ವಂಶವಾಹಿ. 2018ರಲ್ಲಿ ರೇಡಿಯೋಥೆರಪಿ ಪಡೆಯುವವರ ರಕ್ತದಲ್ಲೂ ಅದು ಏರುವುದು ಖಚಿತವಾಯಿತು. ಹೊಸ ವಂಶವಾಹಿ ಹುಡುಕಲು ಸುರಿದ ಶ್ರಮದ ಅರ್ಧದಷ್ಟಾದರೂ ರಕ್ತದ ಟ್ಯೂಬಿನತ್ತ ಹರಿದಿದ್ದರೆ ಪರೀಕ್ಷೆ ಇಷ್ಟುಹೊತ್ತಿಗೆ ಜಿಲ್ಲಾಸ್ಪತ್ರೆಗೆ ಹತ್ತಿರ ಬಂದಿರುತ್ತಿತ್ತು.

ಫಲಿತಾಂಶ ಕೆಡುವುದು ಹೆಚ್ಚಾಗಿ ಟ್ಯೂಬಿನಲ್ಲೇ. ರಕ್ತ ತೆಗೆದ ಮೇಲೂ ಕೋಶ ಬದುಕಿರುತ್ತದೆ, ಆರ್‌ಎನ್‌ಎ ಬದಲಾಗುತ್ತಲೇ ಇರುತ್ತದೆ. ಆದ್ದರಿಂದ ಆರ್‌ಎನ್‌ಎಯನ್ನು ಇದ್ದಂತೆ ಹಿಡಿದಿಡುವ ದ್ರಾವಣವಿರುವ ಪ್ಯಾಕ್ಸ್‌ಜೀನ್‌ನಂಥ ಟ್ಯೂಬಿಗೆ ಸರಿಯಾಗಿ 2.5 ಮಿ.ಲೀ. ತೆಗೆಯಬೇಕು. ಕಡಿಮೆಯಾದರೆ ರಕ್ತ ಮತ್ತು ದ್ರಾವಣದ ಅನುಪಾತ ತಪ್ಪುತ್ತದೆ. ತೆಗೆದ ಕೂಡಲೇ ಎಂಟು ಹತ್ತು ಸಲ ಮೆಲ್ಲಗೆ ಬೋರಲು ಮಾಡಬೇಕು, ಕುಲುಕಬಾರದು. ಕೋಣೆಯ ಉಷ್ಣತೆಯಲ್ಲಿ ಕನಿಷ್ಠ ಎರಡು ಗಂಟೆ ನಿಲ್ಲಿಸಬೇಕು. ಥರ್ಮಾಕೋಲ್ ಸ್ಟ್ಯಾಂಡಿನಲ್ಲಿಟ್ಟು ಫ್ರೀಜರಿಗೆ ತಳ್ಳಿದರೆ ಟ್ಯೂಬು ಬಿರುಕು ಬಿಡಬಹುದು, ತಂತಿಯ ಸ್ಟ್ಯಾಂಡ್ ಬೇಕು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಟ್ಯೂಬಿನ ರಕ್ತವಾದರೆ, ಉಳಿದ ಹೆಪಾರಿನ್ ಪ್ರತಿಗಳನ್ನು ಹೆಚ್ಚಿಸಿ ಅಳೆಯುವ ಪಿಸಿಆರ್ ಕ್ರಿಯೆಯನ್ನೇ ತಡೆಯುತ್ತದೆ. ಇಡೀ ರಕ್ತದ ಆರ್‌ಎನ್‌ಎಯಲ್ಲಿ ಕೆಂಪು ರಕ್ತಕಣದ ಗ್ಲೋಬಿನ್‌ನದೇ ದೊಡ್ಡ ಪಾಲು. ಸಾವಿರಾರು ವಂಶವಾಹಿಗಳನ್ನು ಒಟ್ಟಿಗೆ ಅಳೆಯುವ ಮೈಕ್ರೋಅರೇ ಮಾಡುವವರು ಅದನ್ನು ತೆಗೆಯದಿದ್ದರೆ ಬಿಳಿ ರಕ್ತಕಣದ ಸಣ್ಣ ದನಿ ಕೇಳಿಸುವುದೇ ಇಲ್ಲ.

ಪಿಸಿಆರ್ ಲೆಕ್ಕ ಸರಳ. ಪ್ರತಿ ಸುತ್ತಿಗೂ ಪ್ರತಿಗಳು ಎರಡರಷ್ಟಾಗುತ್ತವೆ. ಉದಾಹರಣೆಗೆ, ಎಫ್‌ಡಿಎಕ್ಸ್‌ಆರ್ 28ನೇ ಸುತ್ತಿನ ಬದಲು 25ರಲ್ಲೇ ಕಾಣಿಸಿಕೊಂಡು, ಹೋಲಿಕೆಗೆ ಇಟ್ಟ ವಂಶವಾಹಿ ಅಲ್ಲಾಡದಿದ್ದರೆ ಏರಿಕೆ ಎಂಟು ಪಟ್ಟು. ಹೋಲಿಕೆಯ ವಂಶವಾಹಿಯೇ ಅರ್ಧ ಸುತ್ತು ಸರಿದರೆ ಎಂಟು ಎಂಬುದು ಸುಮಾರು ಐದೂವರೆಯೋ ಹನ್ನೊಂದೋ ಆಗುತ್ತದೆ. ಡೋಸ್ ಲೆಕ್ಕವೂ ಅಷ್ಟೇ ದೂರ ಹೋಗುತ್ತದೆ.

ಇನ್ನೊಂದು ತೊಡಕು ದೇಹದೊಳಗಿನದು. ಪ್ರಯೋಗಾಲಯದಲ್ಲಿ ಟ್ಯೂಬಿನ ರಕ್ತಕ್ಕೆ ವಿಕಿರಣ ಹಾಯಿಸಿ, 37 ಡಿಗ್ರಿಯಲ್ಲಿಟ್ಟು, ಎಷ್ಟು ಡೋಸ್‌ಗೆ ಎಷ್ಟು ಏರಿಕೆ ಎಂಬ ಕರ್ವ್ ಎಳೆಯುತ್ತಾರೆ. ಮನುಷ್ಯನ ಮೈಯಲ್ಲಾದರೋ ಲಿಂಫೋಸೈಟ್‌ಗಳು, ಅದರಲ್ಲೂ ಬಿ ಕೋಶಗಳು, ಬೇಗ ಸಾಯುತ್ತವೆ. ಬಿ ಕೋಶದ ವಂಶವಾಹಿಗಳು ಕುಗ್ಗಿದಂತೆ ಕಂಡರೆ ಅವುಗಳ ಕೆಲಸ ಕಡಿಮೆಯಾಗಿದೆ ಎಂದಲ್ಲ, ಆ ಕೋಶಗಳೇ ಇಲ್ಲ ಎಂದೂ ಇರಬಹುದು. ಜೊತೆಗೇ ಬಿಳಿ ರಕ್ತಕಣಗಳ ಎಣಿಕೆ ಮಾಡಿಸದೆ ಇದನ್ನು ಬಿಡಿಸಲಾಗದು. ಸೋಂಕು, ಉರಿಯೂತ, ಕಿಮೋಥೆರಪಿಗಳೂ ಇದೇ ವಂಶವಾಹಿಗಳಲ್ಲಿ ಕೆಲವನ್ನು ಅಲ್ಲಾಡಿಸುತ್ತವೆ.

ಕಡಿಮೆ ಡೋಸ್‌ನ ವಿಷಯಕ್ಕೆ ಬಂದರೆ ಗೊಂದಲ ಇನ್ನೂ ಹೆಚ್ಚು. ಕೇರಳದ ನೀಂಡಕರದಿಂದ ಪುರಕ್ಕಾಡ್‌ವರೆಗಿನ 55 ಕಿ.ಮೀ. ಕರಾವಳಿಯ ಮೊನಜೈಟ್ ಮರಳಿನಲ್ಲಿ ಥೋರಿಯಂ ಇದೆ. ಅಲ್ಲಿ ವರ್ಷಕ್ಕೆ ಒಂದು ಮಿಲಿಗ್ರೇಗಿಂತ ಕಡಿಮೆಯಿಂದ 45 ಮಿಲಿಗ್ರೇವರೆಗೂ ವಿಕಿರಣ ಇದೆ. ಅಲ್ಲಿನವರ ರಕ್ತಕಣಗಳಲ್ಲಿ ಡಿಎನ್‌ಎ ರಿಪೇರಿಯ ವಂಶವಾಹಿಗಳು ಹೆಚ್ಚು ಚುರುಕಾಗಿರುವುದು ಕಂಡಿದೆ. ಇದನ್ನೇ ಹಿಡಿದು ಕರಾವಳಿಯ ಜನ ರೋಗದಂಚಿನಲ್ಲಿದ್ದಾರೆ ಎನ್ನುವುದು ತಪ್ಪು. ಅದೇ ಕರಾವಳಿಯ ಕರುನಾಗಪ್ಪಳ್ಳಿಯ ಸುಮಾರು 70 ಸಾವಿರ ಮಂದಿಯ ಮೇಲೆ ವರ್ಷಗಟ್ಟಲೆ ಕಣ್ಣಿಟ್ಟು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ವಿಕಿರಣದಿಂದ ಕ್ಯಾನ್ಸರ್ ಹೆಚ್ಚಿದ್ದು ಕಾಣಲಿಲ್ಲ. ರಿಪೇರಿಯವರು ಬಂದಿದ್ದಾರೆ ಎಂದ ಮಾತ್ರಕ್ಕೆ ಮನೆ ಬಿದ್ದಿದೆ ಎಂದಾಗದು.

ಸದ್ಯಕ್ಕೆ ಈ ಪರೀಕ್ಷೆಯನ್ನು ಜನರನ್ನು ವಿಂಗಡಿಸಲು ನಂಬಬಹುದು: 1 ಗ್ರೇಗಿಂತ ಕಡಿಮೆ, 1ರಿಂದ 2, ಮತ್ತು ಮಜ್ಜೆಯ ಚಿಕಿತ್ಸೆಯ ಮಾತು ಬರುವ 2ಕ್ಕಿಂತ ಹೆಚ್ಚು. ವರದಿಯಲ್ಲಿ ವಿಕಿರಣ ತಗುಲಿದ ಹೊತ್ತು, ರಕ್ತ ತೆಗೆದ ಹೊತ್ತು, ಪ್ರಯೋಗಾಲಯ ತಾನೇ ಎಳೆದ ಕರ್ವ್ ಮೂರೂ ಇರಬೇಕು. ಅದೇ ಹೊತ್ತಿಗೆ ಇನ್ನೊಂದು ಟ್ಯೂಬು ಡೈಸೆಂಟ್ರಿಕ್ ಎಣಿಕೆಗೆ ಹೋಗಿರಬೇಕು.