ನೇಪಾಳದ ಮನೆ ಅನುದಾನ: ಮೂರು ಕಂತಿನ ಲೆಕ್ಕ

2015ರ ಭೂಕಂಪದಲ್ಲಿ ಮನೆ ಕಳೆದುಕೊಂಡವರಿಗೆ ನೇಪಾಳ ಸರ್ಕಾರ ಕೊಟ್ಟ ಅನುದಾನದ ಲೆಕ್ಕ ಇದು. ಮೊದಲು ಎರಡು ಬಗೆಯ ಹಣವನ್ನು ಬೇರೆ ಬೇರೆ ಇಟ್ಟುಕೊಳ್ಳಿ. ವಿದೇಶಿ ನೆರವು ಸರ್ಕಾರಕ್ಕೋ ಯೋಜನೆಗೋ ಬರುತ್ತದೆ. ರೆಮಿಟೆನ್ಸ್, ಅಂದರೆ ದುಡಿಯಲು ಹೋದವರು ಕಳಿಸುವ ಹಣ, ನೇರ ಮನೆಗೆ ಬರುತ್ತದೆ; ಅದು ನೆರವಲ್ಲ, ಸಂಬಳ. ನೇಪಾಳದಲ್ಲಿ ಅದು ಜಿಡಿಪಿಯ ಸುಮಾರು ಕಾಲು ಭಾಗ, ವಿದೇಶಿ ನೆರವಿಗಿಂತ ಹಲವು ಪಟ್ಟು. 2021ರ ಜನಗಣತಿಯಲ್ಲಿ ದೇಶದ ಹೊರಗಿದ್ದವರು ಸುಮಾರು 22 ಲಕ್ಷ, ಐವರಲ್ಲಿ ನಾಲ್ವರು ಗಂಡಸರು. ಮುಂದಿನದ್ದಕ್ಕೆಲ್ಲ ಇದೇ ಬುನಾದಿ.

ಎಲ್ಲರೂ ಎಡವುವ ಜಾಗ: ಕಂತು

2015ರ ಏಪ್ರಿಲ್ 25ರ ಭೂಕಂಪದಲ್ಲಿ ಸುಮಾರು 5 ಲಕ್ಷ ಮನೆಗಳು ಬಿದ್ದವು. ಜೂನ್‌ನಲ್ಲಿ ಕಠ್ಮಂಡುವಿನಲ್ಲಿ ನಡೆದ ದಾನಿಗಳ ಸಮ್ಮೇಳನ ಸುಮಾರು 440 ಕೋಟಿ ಡಾಲರ್ ಘೋಷಿಸಿತು. (ಘೋಷಣೆ ಎಂದರೆ ಕೈಗೆ ಬಂದ ಹಣವಲ್ಲ, ಅದರಲ್ಲಿ ಸಾಲವೂ ಸೇರಿದೆ.) ಮತ್ತೆ ಕಟ್ಟಿಕೊಳ್ಳಲು ಒಂದು ಮನೆಗೆ ಅನುದಾನ ಮೊದಲು 2 ಲಕ್ಷ, ಆಮೇಲೆ 3 ಲಕ್ಷ ನೇಪಾಳಿ ರೂಪಾಯಿ ಎಂದಾಯಿತು. ನಮ್ಮ ಒಂದು ರೂಪಾಯಿಗೆ ಅವರ 1.60, ಹಾಗಾಗಿ ನಮ್ಮ ಲೆಕ್ಕದಲ್ಲಿ 1,87,500.

ಒಪ್ಪಂದಕ್ಕೆ ಸಹಿಯಾದರೆ 50,000. ಪ್ಲಿಂತ್, ಅಂದರೆ ಗೋಡೆ ಏಳುವ ಮಟ್ಟದವರೆಗಿನ ಪಾಯ, ಮುಗಿದು ಎಂಜಿನಿಯರ್ ಪಾಸು ಮಾಡಿದರೆ 1,50,000. ಗೋಡೆ ಚಾವಣಿ ಪಟ್ಟಿಯವರೆಗೆ, ಅಂದರೆ ಗೋಡೆಯ ತುದಿಯನ್ನು ಸುತ್ತ ಬಿಗಿಯುವ ಪಟ್ಟಿಯವರೆಗೆ, ಎದ್ದರೆ 1,00,000.

ಇದನ್ನು "ಪಾಯಕ್ಕೆ 50,000, ಗೋಡೆಗೆ ಒಂದೂವರೆ ಲಕ್ಷ, ಚಾವಣಿಗೆ ಒಂದು ಲಕ್ಷ" ಎಂದು ಓದಿಬಿಡುತ್ತೇವೆ. ಮೊತ್ತ ಸರಿ, ಆದರೆ ಹಾಗೆ ಓದಿದರೆ ಷರತ್ತು ಮರೆಯಾಗುತ್ತದೆ. ಎರಡನೇ ಕಂತು ಪ್ಲಿಂತ್ ಮುಗಿದ *ಮೇಲೆ* ಬರುತ್ತದೆ. ಪ್ಲಿಂತ್‌ಗೆ 1,20,000 ಆಗುತ್ತದೆ ಎಂದು ಸುಮ್ಮನೆ ಊಹಿಸಿ. ಕೈಯಲ್ಲಿರುವುದು 50,000. ಕೊರತೆ 70,000. ಅದನ್ನು ತುಂಬದೆ ಒಂದೂವರೆ ಲಕ್ಷದ ಮುಖ ಕಾಣುವ ಹಾಗಿಲ್ಲ. ಕತಾರ್‌ನಲ್ಲಿ ಮಗ ಇದ್ದರೆ ಕಳಿಸುತ್ತಾನೆ. ಇಲ್ಲದವರು ಸಾಲಗಾರನ ಬಾಗಿಲಿಗೆ ಹೋಗಬೇಕು. ತಪಾಸಣೆಯಲ್ಲಿ ಭೂಕಂಪ ತಡೆದುಕೊಳ್ಳಲು ಬೇಕಾದ ನಿಲುವು ಕಂಬಿಯೋ ಅಡ್ಡಪಟ್ಟಿಯೋ ಇಲ್ಲವೆಂದಾದರೆ ತಿದ್ದುವ ಖರ್ಚು ಬೇರೆ, ಅಷ್ಟು ದಿನದ ಬಡ್ಡಿ ಬೇರೆ. ಅನುದಾನದ ಒಟ್ಟು ಮೊತ್ತ ನೋಡಬೇಡಿ, ಪ್ರತಿ ಹಂತದಲ್ಲಿ ಕೈಯಲ್ಲಿ ಎಷ್ಟಿದೆ ನೋಡಿ. ಎಂಥ ಯೋಜನೆಗೂ ಈ ಒಂದೇ ಪ್ರಶ್ನೆ ಸಾಕು.

ಇನ್ನು ಕೂಲಿ. ಮನೆಯವರೇ ನಿಂತು ಕಟ್ಟಿಸಿಕೊಳ್ಳುವ ಮಾದರಿ ಮನೆಯಲ್ಲಿ ದುಡಿಯುವ ಕೈಗಳಿವೆ ಎಂದು ನಂಬಿ ಹೊರಡುತ್ತದೆ. ಆ ಕೈಗಳು ಗಲ್ಫ್‌ನಲ್ಲೋ ಮಲೇಷ್ಯಾದಲ್ಲೋ ಇದ್ದವು. ಲಕ್ಷಾಂತರ ಮನೆ ಒಟ್ಟೊಟ್ಟಿಗೆ ಶುರುವಾದಾಗ ಗಾರೆ ಮೇಸ್ತ್ರಿಯ ಕೂಲಿ ಏರಿತು. ಅನುದಾನ ಮಾತ್ರ 3 ಲಕ್ಷವೇ. ಹೆಂಗಸರಿಗೂ ಗಾರೆ ಕೆಲಸದ ತರಬೇತಿ ಕೊಟ್ಟರು, ಅದು ಒಳ್ಳೆಯದೇ. ಆದರೆ ಕಲಿತ ಮೇಸ್ತ್ರಿಗೆ ಗಲ್ಫ್‌ನಲ್ಲೂ ಬೇಡಿಕೆ. ಕಂತು ಪಡೆಯುವ ಗಡುವು ಹತ್ತಿರವಾದಂತೆ ಅನೇಕರು ಕಂತಿಗಾಗಿ ಒಂದೇ ಕೋಣೆಯ ಮನೆ ಕಟ್ಟಿ ಮುಗಿಸಿದರು. ಲೆಕ್ಕದಲ್ಲಿ ಅದೂ "ಪೂರ್ಣ".

ದುರ್ಬಲರ ಪಟ್ಟಿ

ಹೆಚ್ಚುವರಿ 50,000 ಸಿಕ್ಕಿದ್ದು 70 ದಾಟಿದ ವೃದ್ಧರು, 65 ದಾಟಿದ ಒಂಟಿ ಹೆಂಗಸರು, 16ರೊಳಗಿನ ಅನಾಥ ಮಕ್ಕಳು, ತೀವ್ರ ಅಂಗವಿಕಲರಂಥವರಿಗೆ. ಗಂಡ ಮಲೇಷ್ಯಾದಲ್ಲಿ, ಮನೆಯಲ್ಲಿ ಎರಡು ಮಕ್ಕಳು ಎಂಬ ಮೂವತ್ತರ ಹೆಂಗಸು ಈ ಪಟ್ಟಿಯಲ್ಲಿಲ್ಲ. ವಯಸ್ಸು, ಅಂಗವೈಕಲ್ಯ ಅಳೆದರು. ಮನೆಯಲ್ಲಿ ಯಾರಿಲ್ಲ ಎಂಬುದನ್ನು ಅಳೆಯಲಿಲ್ಲ. ಫಲಾನುಭವಿ ಗಂಡನೇ ಆಗಿದ್ದರೆ ಅವನ ಮಂಜೂರಿನಾಮೆ, ಅಂದರೆ ಅಧಿಕಾರಪತ್ರ, ತರಿಸಿಕೊಳ್ಳುವ ಓಡಾಟವೂ ಅವಳದೇ.

ಅಂಕಿ ಬಳಸುವಾಗ

ಗಲ್ಫ್, ಮಲೇಷ್ಯಾಕ್ಕೆ ಹೋಗಲು ಶ್ರಮ ಪರವಾನಗಿ ಬೇಕು. ಭಾರತಕ್ಕೆ ಬೇಡ: ಗಡಿ ತೆರೆದಿದೆ, 1950ರ ಒಪ್ಪಂದವಿದೆ. ಬೆಂಗಳೂರಿನ ಅಪಾರ್ಟ್‌ಮೆಂಟ್ ಗೇಟಿನಲ್ಲಿ ಕಾವಲು ಕಾಯುವ ನೇಪಾಳಿ ಪರವಾನಗಿ ಅಂಕಿಗಳಲ್ಲಿ ಇರುವುದೇ ಇಲ್ಲ. ಆ ಅಂಕಿ ಬರೆದಾಗಲೆಲ್ಲ ಪಕ್ಕದಲ್ಲಿ "ಭಾರತ ಬಿಟ್ಟು" ಎಂದು ಸೇರಿಸಿ.