ತಾನಾಗಿಯೇ ಹೋಯ್ತು ಅಂತ ಮರೆತ ಲಕ್ಷಣಗಳು

ಶಿಕ್ಷಕಿಯೊಬ್ಬರು ಉತ್ತರ ಪತ್ರಿಕೆ ತಿದ್ದುವಾಗ ಕೆಂಪು ಪೆನ್ನಿನ ಇಂಕು ಮಂಕಾಗಿದೆ ಅಂದುಕೊಂಡು ಮೂರು ಪೆನ್ನು ಬದಲಿಸಿದ್ದರು. ಇಂಕು ಸರಿಯಾಗೇ ಇತ್ತು. ಬಲಗಣ್ಣು ಮುಚ್ಚಿಕೊಂಡರೆ ಮಾತ್ರ ಕೆಂಪು ಬಣ್ಣ ಇಟ್ಟಿಗೆ ಬಣ್ಣದ ಹಾಗೆ ಕಾಣುತ್ತಿತ್ತು. ಎಡಗಣ್ಣು ಹೊರಳಿಸಿದರೆ ಒಳಗೆ ನೋವು. ಕನ್ನಡಕದ ನಂಬರ್ ನೋಡಿಸಿದರು, ಡ್ರಾಪ್ಸ್ ಹಾಕಿಕೊಂಡರು, ಆರು ವಾರದಲ್ಲಿ ದೃಷ್ಟಿ ಬಹುಪಾಲು ವಾಪಸ್ ಬಂತು. ನನ್ನ ಹತ್ತಿರ ಬಂದದ್ದು ಒಂದೂವರೆ ವರ್ಷದ ಮೇಲೆ. ಎರಡೂ ಕಾಲಿಗೆ ಜೋಮು ಹಿಡಿದಿತ್ತು, ನಡೆಯುವಾಗ ಚಪ್ಪಲಿ ಕಳಚಿ ಹಿಂದೆ ಉಳಿದರೂ ಗೊತ್ತಾಗುತ್ತಿರಲಿಲ್ಲ. ಕಣ್ಣಿನ ವಿಷಯ ಅವರಾಗಿ ಹೇಳಲೇ ಇಲ್ಲ. ನಾನು ಎರಡು ಸಲ ಕೆದಕಿ ಕೇಳಿದ ಮೇಲೆ, "ಅದಾ ಡಾಕ್ಟ್ರೇ, ಅದು ಆಗ್ಲೇ ಸರಿಹೋಯ್ತಲ್ಲ" ಅಂದರು.

ಆ ಒಂದು ಮಾತಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್, ಹೆಚ್ಚಿನವರಲ್ಲಿ ಮೊದಮೊದಲು ಬಂದು ಹೋಗುವ ಕಾಯಿಲೆ. ಹೋಯಿತು ಅನ್ನುವುದೇ ಅದರ ಗುರುತು.

ನರದ ಎಳೆಗಳ ಸುತ್ತ ಮೈಲಿನ್ ಅನ್ನುವ ಕೊಬ್ಬಿನ ಪದರ ಇರುತ್ತದೆ. ಅದು ಚೆನ್ನಾಗಿದ್ದರೆ ಮಿದುಳಿನ ಸಂದೇಶ ಕಾಲಿನ ಹೆಬ್ಬೆರಳಿಗೆ ಕ್ಷಣದಲ್ಲಿ ತಲುಪುತ್ತದೆ. ಎಂಎಸ್‌ನಲ್ಲಿ ನಮ್ಮದೇ ರೋಗ ನಿರೋಧಕ ಕಣಗಳು ಮಿದುಳು, ಬೆನ್ನುಹುರಿ, ಕಣ್ಣಿನ ನರಗಳಲ್ಲಿ ಈ ಪದರದ ಮೇಲೆ ಬೀಳುತ್ತವೆ. ಆ ಜಾಗ ಊದಿಕೊಳ್ಳುತ್ತದೆ, ಸಂದೇಶ ನಿಧಾನವಾಗುತ್ತದೆ ಅಥವಾ ನಿಂತೇ ಹೋಗುತ್ತದೆ. ಕೆಲವು ವಾರಗಳಲ್ಲಿ ಊತ ಇಳಿದು, ಪದರ ಒಂದಷ್ಟು ಮತ್ತೆ ಬೆಳೆದು ಲಕ್ಷಣ ಕಡಿಮೆಯಾಗುತ್ತದೆ. ಕಲೆ ಮಾತ್ರ ಉಳಿಯುತ್ತದೆ. ಪ್ಯಾರಿಸ್‌ನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಝಾನ್ ಮಾರ್ಟಿನ್ ಶಾರ್ಕೋ 1868ರಲ್ಲಿ ಈ ಕಾಯಿಲೆಯನ್ನು ವಿವರಿಸಿದಾಗ ಹೆಸರು ಬಂದದ್ದೂ ಈ ಗಟ್ಟಿ ಕಲೆಗಳಿಂದಲೇ.

ಸಾಮಾನ್ಯವಾಗಿ ಶುರುವಾಗುವುದು 20ರಿಂದ 40ರ ವಯಸ್ಸಿನಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಜಾಸ್ತಿ. ಮದುವೆ, ಬಾಣಂತನ, ಹೊಸ ಕೆಲಸ ಎಲ್ಲ ಇರುವ ವಯಸ್ಸು ಅದೇ. ಹಾಗಾಗಿ ಸುಸ್ತು ಅಂದರೆ "ನಿದ್ದೆ ಸಾಲ್ತಿಲ್ಲ", ಜೋಮು ಅಂದರೆ "ಟೆನ್ಷನ್ ಜಾಸ್ತಿ" ಅಂತ ಮನೆಯವರೇ ತೀರ್ಮಾನ ಮಾಡಿಬಿಡುತ್ತಾರೆ. ಕೆಲವೊಮ್ಮೆ ನಾವು ಡಾಕ್ಟರುಗಳೂ ಹಾಗೇ ಮಾಡುತ್ತೇವೆ, ಅದು ನನಗೆ ತುಂಬ ಬೇಸರ ತರುವ ವಿಷಯ.

ಲಕ್ಷಣಗಳನ್ನು ನನ್ನ ರೋಗಿಗಳು ಪುಸ್ತಕಕ್ಕಿಂತ ಚೆನ್ನಾಗಿ ಹೇಳುತ್ತಾರೆ. ಸೊಂಟಕ್ಕೋ ಎದೆಗೋ ಲಂಗದ ಲಾಡಿಯನ್ನು ಯಾರೋ ಬಿಗಿಯಾಗಿ ಎಳೆದು ಕಟ್ಟಿದ ಹಾಗೆ. ತಲೆ ಬಗ್ಗಿಸಿದರೆ ಬೆನ್ನಿನುದ್ದಕ್ಕೂ ಕರೆಂಟ್ ಹೊಡೆದ ಹಾಗೆ. ಒಂದೇ ವಸ್ತು ಎರಡೆರಡಾಗಿ ಕಾಣುವುದು, ಮೂತ್ರ ಬಂತು ಅನ್ನುವಷ್ಟರಲ್ಲಿ ತಡೆಯಲಾಗದಿರುವುದು (ಇದನ್ನು ನಾಚಿಕೆಯಿಂದ ಹೇಳುವುದೇ ಇಲ್ಲ, ದಯವಿಟ್ಟು ಹೇಳಿ), ಒಂದು ಕಾಲು ಭಾರವಾಗಿ ಎಳೆದುಕೊಂಡು ಹೋಗುವುದು.

ಇನ್ನೊಂದು ನಮ್ಮ ಮನೆಗಳಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಎಣ್ಣೆ ಹಚ್ಚಿಕೊಂಡು ಹಂಡೆಯ ಬಿಸಿನೀರಲ್ಲಿ ಸ್ನಾನ ಮಾಡಿದ ಮೇಲೆ ಕಣ್ಣು ಮಂಜಾಗುವುದು, ಕಾಲು ಸೋಲುವುದು, ಒಂದು ಗಂಟೆ ಫ್ಯಾನ್ ಕೆಳಗೆ ಕೂತರೆ ಸರಿಹೋಗುವುದು. ಪದರ ಸವೆದ ನರ ಬಿಸಿ ತಡೆಯುವುದಿಲ್ಲ. ಜರ್ಮನಿಯ ಕಣ್ಣಿನ ವೈದ್ಯ ಊಟ್‌ಹೋಫ್ ಇದನ್ನು 1890ರಲ್ಲೇ ಗುರುತಿಸಿದ್ದರು. ಇದು ಹೊಸ ದಾಳಿ ಅಲ್ಲ, ಹಳೆಯ ಕಲೆ ತಾನು ಇದ್ದೇನೆ ಅಂತ ತೋರಿಸಿಕೊಳ್ಳುವುದು ಅಷ್ಟೇ. ಜ್ವರ ಬಂದಾಗಲೂ ಹೀಗಾಗುತ್ತದೆ.

ಹಾಗಂತ ಎಲ್ಲ ಜೋಮೂ ಎಂಎಸ್ ಅಲ್ಲ. ದಾಳಿ ಅನ್ನಬೇಕಾದರೆ ಜ್ವರ, ಸೋಂಕು ಇಲ್ಲದೆ ಲಕ್ಷಣ ಕನಿಷ್ಠ 24 ಗಂಟೆ ಬಿಡದೆ ಇರಬೇಕು. ಸಾಮಾನ್ಯವಾಗಿ ಅದು ದಿನಗಳಲ್ಲಿ ಏರಿ ವಾರಗಳಲ್ಲಿ ಇಳಿಯುತ್ತದೆ. ಕೂತಲ್ಲೇ ಕಾಲು ಮರಗಟ್ಟಿ ಎರಡು ನಿಮಿಷದಲ್ಲಿ ಬಿಟ್ಟರೆ ಸುಮ್ನೆ ಹೆದರಬೇಡಿ. ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾಗಿ ಕೈ ಬಿದ್ದುಹೋದರೆ ಮಾತ್ರ ಅದು ಸ್ಟ್ರೋಕ್ ಇರಬಹುದು, ಯೋಚಿಸುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಓಡಬೇಕು.

ನಮ್ಮಲ್ಲಿ ಇನ್ನೆರಡು ವಿಷಯ ನೋಡಲೇಬೇಕು. ಒಂದು ಬಿ12 ಕೊರತೆ, ಸಸ್ಯಾಹಾರಿಗಳಲ್ಲಿ ಜಾಸ್ತಿ. ಅದೂ ಬೆನ್ನುಹುರಿಯನ್ನು ಕೆಡಿಸುತ್ತದೆ, ಆದರೆ ಬೇಗ ಹಿಡಿದರೆ ಇಂಜೆಕ್ಷನ್‌ನಲ್ಲಿ ಸುಧಾರಿಸುತ್ತದೆ. ಇನ್ನೊಂದು ಎನ್‌ಎಂಒ, ಎಂಎಸ್‌ನಂತೆಯೇ ಕಣ್ಣಿಗೂ ಬೆನ್ನುಹುರಿಗೂ ಬರುವ ಬೇರೆಯೇ ಕಾಯಿಲೆ. ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್‌ನಂಥ ಔಷಧಿ ಕೊಟ್ಟರೆ ಎನ್‌ಎಂಒ ಇನ್ನೂ ಕೆಡಬಹುದು. ಅದಕ್ಕೇ ಅಕ್ವಾಪೋರಿನ್-4 ಅನ್ನುವ ರಕ್ತ ಪರೀಕ್ಷೆ. ದುಬಾರಿ ಅಂತ ಬಿಡಬೇಡಿ.

ಎಂಎಸ್ ಅಂತ ಹೇಳಲು ಒಂದೇ ಪರೀಕ್ಷೆ ಅಂತಿಲ್ಲ. ಎಂಆರ್‌ಐ ಮುಖ್ಯ. ಕೆಲವೊಮ್ಮೆ ಬೆನ್ನಿನಿಂದ ನೀರು ತೆಗೆದೂ ಪರೀಕ್ಷೆ ಮಾಡುತ್ತೇವೆ. ಹಾಗಂದರೆ ಜನ ಬೆಚ್ಚುತ್ತಾರೆ, "ಸೊಂಟ ಬಿದ್ದುಹೋಗಲ್ವಾ?" ಅಂತ ಕೇಳುತ್ತಾರೆ. ಇಲ್ಲ. ಕೆಲವರಿಗೆ ಒಂದಷ್ಟು ದಿನ ತಲೆನೋವು ಬರಬಹುದು, ಸಾಮಾನ್ಯವಾಗಿ ಅಷ್ಟೆ.

"ನನಗೇ ಯಾಕೆ?" ಅಂತಲೂ ಕೇಳುತ್ತಾರೆ. ಎಪ್‌ಸ್ಟೀನ್-ಬಾರ್ ವೈರಸ್‌ಗೂ ಇದಕ್ಕೂ ಗಟ್ಟಿ ನಂಟಿದೆ ಅಂತ 2022ರಲ್ಲಿ ಅಮೆರಿಕದ ಸೈನಿಕರ ರಕ್ತದ ಮಾದರಿಗಳಿಂದ ಕಂಡುಬಂತು, ಆದರೆ ಆ ವೈರಸ್ ಹೆಚ್ಚುಕಮ್ಮಿ ಎಲ್ಲರ ಮೈಯಲ್ಲೂ ಇರುತ್ತದೆ, ಎಂಎಸ್ ಬರುವುದು ಕೆಲವರಿಗೆ ಮಾತ್ರ. ಯಾರ ದೃಷ್ಟಿಯೂ ಅಲ್ಲ, ಯಾವ ಪಾಪವೂ ಅಲ್ಲ. ಮುಟ್ಟಿದರೆ ಹರಡುವುದಿಲ್ಲ. ಮದುವೆಯಾಗಬಹುದು, ಮಕ್ಕಳಾಗಬಹುದು. ಬಸಿರಿನಲ್ಲಿ ದಾಳಿ ಕಡಿಮೆ, ಹೆರಿಗೆಯ ನಂತರದ ಮೊದಲ ತಿಂಗಳುಗಳಲ್ಲಿ ಹೆಚ್ಚು, ಆದ್ದರಿಂದ ಮಗುವಿನ ಯೋಚನೆ ಬಂದಾಗಲೇ ಡಾಕ್ಟರ್ ಜೊತೆ ಮಾತಾಡಿ.

ದಾಳಿ ಆದಾಗ ಮೂರರಿಂದ ಐದು ದಿನ ಡ್ರಿಪ್‌ನಲ್ಲಿ ಸ್ಟೀರಾಯ್ಡ್ ಕೊಡುತ್ತೇವೆ. ಅದರಿಂದ ಬೇಗ ಚೇತರಿಕೆ, ಆದರೆ ಮುಂದಿನ ದಾಳಿ ತಡೆಯುವ ಶಕ್ತಿ ಅದಕ್ಕಿಲ್ಲ. ತಡೆಯುವ ಔಷಧಿಗಳೇ ಬೇರೆ, 1993ರಿಂದ ಒಂದೊಂದಾಗಿ ಬಂದಿವೆ, ಮಾತ್ರೆಯೂ ಇದೆ, ಆರು ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ನೂ ಇದೆ. ಚೆನ್ನಾಗಿದ್ದೇನೆ ಅನ್ನಿಸಿದಾಗಲೇ ಜನ ಇವನ್ನು ಬಿಡುವುದು. ಚೆನ್ನಾಗಿರುವುದೇ ಅದರಿಂದ ಅಲ್ವಾ? ಖರ್ಚು ಕಷ್ಟವಾದರೆ ಮುಚ್ಚಿಡಬೇಡಿ, ಕಡಿಮೆ ಬೆಲೆಯ ದಾರಿಗಳೂ ಇವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಎಂಎಸ್ ಸೇರಿದೆ, ತೊಂದರೆ ಜಾಸ್ತಿ ಇರುವವರು ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು.

ನರರೋಗ ತಜ್ಞರ ಹತ್ತಿರ ಹೋಗುವ ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಯಾವ ತಿಂಗಳು ಏನಾಯಿತು, ಎಷ್ಟು ದಿನ ಇತ್ತು, ಹೇಗೆ ಹೋಯಿತು. ಐದು ವರ್ಷ ಹಿಂದಿನದೂ ಬರಲಿ, ಸರಿಹೋದದ್ದಂತೂ ಬರಲೇಬೇಕು. ಎಂಆರ್‌ಐ ಮಾಡಿಸಿದ್ದರೆ ರಿಪೋರ್ಟ್ ಜೊತೆ ಫಿಲ್ಮ್, ಸಿಡಿ ಎರಡನ್ನೂ ತನ್ನಿ. ಹಳೆಯ ಕಲೆ ಯಾವುದು, ಹೊಸದು ಯಾವುದು ಅಂತ ಪಕ್ಕಪಕ್ಕ ಇಟ್ಟು ನೋಡಿಯೇ ಔಷಧಿ ಬದಲಿಸಬೇಕೋ ಬೇಡವೋ ಅಂತ ನಾವು ಹೇಳುವುದು.