ವರ್ಷಕ್ಕೊಮ್ಮೆ ಇಳಿತ ಕಾಣುವ ದಂಡೆಗಳು

ಬಂಡೆಗಳಿರುವ ಕಡಲತೀರದಲ್ಲಿ ಹಕ್ಕಿ ನೋಡಬೇಕೆಂದರೆ ನೀರು ಏರಿಳಿಯುವ ಹೊತ್ತು ತಿಳಿದಿರಬೇಕು. ಸ್ಕಾಟ್ಲೆಂಡ್, ನಾರ್ವೆಗಳ ತೀರದಲ್ಲಿ ಒಂದು ಉಬ್ಬರಕ್ಕೂ ಇನ್ನೊಂದಕ್ಕೂ ಸುಮಾರು 12 ಗಂಟೆ 25 ನಿಮಿಷಗಳ ಅಂತರ. ನಡುವೆ ನೀರು ಹಿಂದೆ ಸರಿದಾಗ ಪಾಚಿ ಹಿಡಿದ ಬಂಡೆಗಳು ಬಯಲಾಗುತ್ತವೆ. ಚಿಪ್ಪುಜೀವಿಗಳು, ಏಡಿಮರಿಗಳು ಕೊಕ್ಕಿಗೆ ಎಟಕುತ್ತವೆ. ಟರ್ನ್‌ಸ್ಟೋನ್ ಎಂಬ ಪುಟ್ಟ ಹಕ್ಕಿ ಕಲ್ಲುಗಳನ್ನು ಕೊಕ್ಕಿನಿಂದ ಮಗುಚಿ ಅಡಿಯಲ್ಲಿ ಅಡಗಿದ್ದನ್ನು ಹೆಕ್ಕುವುದು ಆಗಲೇ.

ಚಿತ್ರದುರ್ಗ, ದಾವಣಗೆರೆಗಳಿಗೆ ಕಡಲು ದೂರ. ಆದರೂ ಇಲ್ಲಿ ಬಂಡೆಯಿದೆ, ನೀರಿದೆ, ಏರಿಳಿತವೂ ಇದೆ. ಅದು ನಡೆಯುವುದು ವರ್ಷಕ್ಕೊಮ್ಮೆ, ಅಷ್ಟೇ. ಮಳೆಗಾಲದಲ್ಲಿ ತುಂಬಿದ ಕೆರೆ ದೀಪಾವಳಿ ಕಳೆದ ಮೇಲೆ ಇಳಿಯತೊಡಗುತ್ತದೆ. ಯುಗಾದಿಯ ಹೊತ್ತಿಗೆ ಅಂಚಿನ ಕೆಸರು, ಕಲ್ಲು, ಗುಂಡುಗಳೆಲ್ಲ ಹೊರಬಿದ್ದಿರುತ್ತವೆ. ಈ ನಿಧಾನದ ಇಳಿತವನ್ನು ಗಮನಿಸುವವರಿಗೆ, ಯಾವ ತಿಂಗಳು ಯಾವ ದಂಡೆಯಲ್ಲಿ ನಿಲ್ಲಬೇಕೆಂಬುದನ್ನು ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಹಾಗೆ ನೋಡಿದರೆ ಈ ನೆಲವೂ ಒಂದು ಕಾಲಕ್ಕೆ ಕಡಲಡಿಯಲ್ಲಿತ್ತು. ಐಮಂಗಲದ ಬಳಿಯ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಟ್ಟಿದ ಹಾಗೆ ಕಾಣುವ ಬಂಡೆಗಳಿವೆ. ಲಾವಾರಸ ನೀರಿನೊಳಗೆ ಉಕ್ಕಿ, ಹೊರಮೈ ತಟ್ಟನೆ ತಣಿದಾಗ ಮಾತ್ರ ಅಂಥ ಆಕಾರ ಮೂಡುತ್ತದೆ. ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯ ಈ ಶಿಲೆಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಗಿದೆ. ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರ ಜಲಾಶಯಕ್ಕೆ ಹೊರಟವರು ದಾರಿಯಲ್ಲಿ ಇಲ್ಲಿ ಅರ್ಧ ಗಂಟೆ ಇಳಿದು ನೋಡಲೇಬೇಕು.

ಮೊದಲು ಬಂಡೆಯ ಹಕ್ಕಿಗಳು. ಚಿತ್ರದುರ್ಗದ ಕೋಟೆಯಲ್ಲಿ ನಾವು ಕಣ್ಣೆತ್ತಿಯೂ ನೋಡದ ಪಾರಿವಾಳ ನಿಜಕ್ಕೂ ಕಡಿದಾದ ಬಂಡೆಯ ಹಕ್ಕಿ. ಇದರ ಕಾಡು ಬಳಗ ಇಂದಿಗೂ ಸ್ಕಾಟ್ಲೆಂಡಿನ ಹೊರ ಹೆಬ್ರಿಡೀಸ್ ದ್ವೀಪಗಳ ಕಡಲ ಗವಿಗಳಲ್ಲಿ ಗೂಡು ಕಟ್ಟುತ್ತದೆ. ಅಲ್ಲಿನ ಗವಿಗೂ ಇಲ್ಲಿನ ಬುರುಜಿನ ಸಂದಿಗೂ ಪಾರಿವಾಳದ ಕಣ್ಣಿನಲ್ಲಿ ವ್ಯತ್ಯಾಸವಿಲ್ಲ: ನೆರಳಿರಬೇಕು, ಹಾವು ಬೆಕ್ಕುಗಳು ಹತ್ತಲಾಗದಷ್ಟು ಕಡಿದಾಗಿರಬೇಕು. ಕೋಟೆಯ ಕಮಾನುಗಳ ಅಡಿಯಲ್ಲಿ ಕಂದುಬಣ್ಣದ ಬಂಡೆ ಕವಲುತೋಕೆಯನ್ನೂ ಹುಡುಕಬೇಕು. ಅದು ಅರ್ಧ ಬಟ್ಟಲಿನ ಆಕಾರದ ಗೂಡನ್ನು ಹಸಿ ಮಣ್ಣಿನ ಉಂಡೆಗಳಿಂದ ಕಟ್ಟುತ್ತದೆ. ಹಸಿ ಮಣ್ಣಿಗೆ ನೀರು ಹತ್ತಿರವಿರಬೇಕು. ಪಾಳೆಯಗಾರರು ಮಳೆನೀರು ಹಿಡಿದಿಡಲು ಮಾಡಿಸಿದ ಹೊಂಡಗಳು ಬರೀ ಸೈನಿಕರ ಬಾಯಾರಿಕೆಗೆ ಒದಗಿಲ್ಲ. ಅಕ್ಕತಂಗಿ ಹೊಂಡ, ಗೋಪಾಲಸ್ವಾಮಿ ಹೊಂಡಗಳ ಸುತ್ತ ಬೆಳಗಿನ ಹೊತ್ತು ನಿಂತು ನೋಡಿ.

ಬಂಡೆ ಸೀಮೆಯ ದೊಡ್ಡ ಯಜಮಾನ ಕೊಂಬಿನ ಗೂಬೆ. ಇದು ಗೂಡು ಕಟ್ಟುವ ಗೋಜಿಗೆ ಹೋಗುವುದಿಲ್ಲ, ಬಂಡೆಯ ಚಾಚಿನಲ್ಲಿ ಅಥವಾ ಕೊರಕಲಿನ ಬರಿನೆಲದಲ್ಲಿ ಮೊಟ್ಟೆಯಿಡುತ್ತದೆ. ಸಂಜೆ ಕೇಳಿಬರುವ ಗಂಭೀರವಾದ ಎರಡು ಸ್ವರದ ಕೂಗಿಗೆ ಅಪಶಕುನವೆಂದು ಹೆದರುವವರು ಇನ್ನೂ ಇದ್ದಾರೆ. ಶೇಂಗಾ, ಮೆಕ್ಕೆಜೋಳ ಬೆಳೆಯುವ ರೈತನಿಗೆ ಇದಕ್ಕಿಂತ ಒಳ್ಳೆಯ ನೆಂಟ ಸಿಗಲಾರ; ಇದರ ಊಟದಲ್ಲಿ ಹೆಚ್ಚಿನ ಪಾಲು ಇಲಿ ಹೆಗ್ಗಣಗಳದ್ದು.

ಇನ್ನು ನೀರಿನ ಅಂಚು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರ, ಗುಡ್ಡಗಳ ನಡುವೆ ಹರಡಿಕೊಂಡಿದೆ. ಚಳಿಗಾಲದಲ್ಲಿ ಇಲ್ಲಿ ನೀರುಕಾಗೆ, ಬೆಳ್ಳಕ್ಕಿ, ಗುಳುಮುಳುಕಗಳ ಜೊತೆಗೆ ಉತ್ತರದಿಂದ ಬಂದ, ನೀರಂಚಿನ ಕೆಸರಿನಲ್ಲಿ ಮೇಯುವ ಗೊರವಗಳನ್ನೂ ಹುಡುಕಬೇಕು. ಬಾಲ ಕುಣಿಸುತ್ತ ಅಂಚಿನ ಕಲ್ಲಿನಿಂದ ಕಲ್ಲಿಗೆ ಓಡುವ ಸಾಮಾನ್ಯ ಗದ್ದೆಗೊರವವಂತೂ ಬೇಸಿಗೆಯನ್ನು ಯುರೋಪ್, ಮಧ್ಯ ಏಷ್ಯಾಗಳ ಹೊಳೆದಂಡೆಗಳಲ್ಲಿ ಕಳೆದು ಬರುವ ಹಕ್ಕಿ. ಬೆಳಿಗ್ಗೆ ಪೂರ್ವದ ದಂಡೆ, ಸಂಜೆ ಪಶ್ಚಿಮದ ದಂಡೆ ಹಿಡಿದರೆ ಸೂರ್ಯ ಬೆನ್ನಿಗಿರುತ್ತಾನೆ. ಇಲ್ಲವಾದರೆ ಎಲ್ಲ ಹಕ್ಕಿಗಳೂ ಕಪ್ಪು ನೆರಳಾಗಿಯೇ ಉಳಿಯುತ್ತವೆ. ದಾವಣಗೆರೆಯವರಿಗೆ ಕೊಂಡಜ್ಜಿಯ ಕೆರೆ ಇನ್ನೂ ಹತ್ತಿರ. ಹರಿಹರದ ತುಂಗಭದ್ರೆಯಲ್ಲಿ ನೀರು ತಗ್ಗಿದಾಗ ಹೊಳೆಯ ಬಂಡೆಗಳೇ ಹಕ್ಕಿಗಳ ಕೂರುಮಣೆ.

ನನಗೆ ಎಲ್ಲಕ್ಕಿಂತ ಹೆಚ್ಚು ಬೆರಗು ತರುವುದು ಬೇಸಿಗೆಯ ಮೊಟ್ಟೆಗಳು. ಉತ್ತರದ ಕಡಲಬಂಡೆಯಲ್ಲಿ ಗಿಲಿಮಾಟ್ ಎಂಬ ಹಕ್ಕಿ ಒಂದೇ ಒಂದು ಮೊಟ್ಟೆಯನ್ನು ಬರಿಗಲ್ಲಿನ ಮೇಲಿಟ್ಟು, ಕಲ್ಲಿನ ತಣ್ಣಗಿನಿಂದ ಅದನ್ನು ಕಾಪಾಡಲು ಕಾಲಿನ ಮೇಲೆ ಎತ್ತಿಕೊಂಡು ಕಾವು ಕೊಡುತ್ತದೆ. ನಮ್ಮ ಕೆಂಪು ಟಿಟ್ಟಿಭ ಕೂಡ ಬಯಲಿನಲ್ಲೇ ಮೊಟ್ಟೆಯಿಡುತ್ತದೆ, ಆದರೆ ಅದರ ಚಿಂತೆ ಪೂರ್ತಿ ತಿರುವುಮುರುವು. ಏಪ್ರಿಲ್ ಮಧ್ಯಾಹ್ನ ಹಿರಿಯೂರಿನ ಕಲ್ಲುನೆಲ ಗಾಳಿಗಿಂತ ಎಷ್ಟೋ ಹೆಚ್ಚು ಕಾದಿರುತ್ತದೆ. ಮೊಟ್ಟೆಯೊಳಗಿನ ಭ್ರೂಣ ತುಸು ತಂಪನ್ನು ಸಹಿಸೀತು, ವಿಪರೀತ ಬಿಸಿಯನ್ನು ಸಹಿಸದು. ಆದ್ದರಿಂದ ಉರಿಬಿಸಿಲಲ್ಲಿ ಗೂಡಿನ ಮೇಲೆ ನಿಂತ ಟಿಟ್ಟಿಭ ಕೊಡುತ್ತಿರುವುದು ನೆರಳು. ಅದೂ ಸಾಲದಾದಾಗ ನೀರಿಗೆ ಹೋಗಿ ಹೊಟ್ಟೆಯ ಗರಿಗಳನ್ನು ನೆನೆಸಿಕೊಂಡು ಬಂದು ಮೊಟ್ಟೆಗಳ ಮೇಲೆ ಕೂರುತ್ತದೆ. ಆ ತೇವ ಆರುವಾಗ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ಗೂಡಿನಿಂದ ನೀರು ತೀರ ದೂರವಿದ್ದರೆ ಹೋಗಿಬರುವಷ್ಟರಲ್ಲೇ ಮೊಟ್ಟೆ ಬೆಂದೀತು; ಬೇಸಿಗೆಯ ದಂಡೆಗೆ ಇಷ್ಟು ಬೆಲೆ ಬರುವುದು ಇದರಿಂದ.

ಇದನ್ನು ಬಲ್ಲವರು ಆ ಹಕ್ಕಿಯ ಗೂಡಿನ ಬಳಿ ಫೋಟೋಕ್ಕಾಗಿ ಕಾದು ನಿಲ್ಲಬಾರದು. ನಾವು ನಿಂತಷ್ಟು ಹೊತ್ತೂ ಅದು ಕಿರುಚುತ್ತ ಹಾರಾಡುತ್ತದೆ, ಮೊಟ್ಟೆ ಬಿಸಿಲಿಗೆ ಬಿದ್ದಿರುತ್ತದೆ.

ಇಳಿತದ ಲೆಕ್ಕ ಹೊಲಕ್ಕೂ ತಳುಕು ಹಾಕಿಕೊಂಡಿದೆ. ದಾವಣಗೆರೆ ಸೀಮೆಯ ಬೇಸಿಗೆ ಭತ್ತಕ್ಕೆ ಭದ್ರಾ ನಾಲೆಯಲ್ಲಿ ನೀರು ಹರಿಯುತ್ತಿದ್ದಂತೆ ಅತ್ತ ಲಕ್ಕವಳ್ಳಿಯ ಭದ್ರಾ ಜಲಾಶಯದ ಹಿನ್ನೀರು ತಗ್ಗಿ ಕಲ್ಲುಗಳ ನಡುಗಡ್ಡೆಗಳು ಮೇಲೇಳುತ್ತವೆ. ಸುತ್ತ ನೀರಿರುವ ಆ ಗಡ್ಡೆಗಳಿಗೆ ನರಿ ನಾಯಿಗಳು ಸುಲಭವಾಗಿ ಬರಲಾರವು. ರಿವರ್ ಟರ್ನ್ ಎಂಬ ನೀರಹಕ್ಕಿಗಳು ಗುಂಪುಗುಂಪಾಗಿ ಬಂದು ಮರಿ ಮಾಡುವುದು ಅಲ್ಲೇ. ಭತ್ತದ ನಾಟಿಯೂ ಹಕ್ಕಿಯ ಬಾಣಂತನವೂ ಒಂದೇ ನೀರಿನ ಇಳಿತವನ್ನು ನೆಚ್ಚಿವೆ ಎಂಬುದನ್ನು ನಮ್ಮ ರೈತರಿಗೆ ತಿಳಿಸಿ ಹೇಳುವವರು ಕಡಿಮೆ.

ಊರ ಕೆರೆಗಳ ದಂಡೆಯನ್ನು ಸುತ್ತಲೂ ಕಲ್ಲುಕಟ್ಟಡದಿಂದ ಮುಚ್ಚಿ, ಮೇಲೆ ವಾಯುವಿಹಾರದ ದಾರಿ ಮಾಡುವುದು ಅಭಿವೃದ್ಧಿ ಎನಿಸಿಕೊಂಡಿದೆ. ಕಡಿದಾದ ಕಲ್ಲುಗೋಡೆಗೆ ಇಳಿಜಾರಿನ ಅಂಚು ಇರುವುದಿಲ್ಲ. ನೀರು ಎರಡು ಅಡಿ ಇಳಿದರೂ ಕಾಲೂರಲು ಕೆಸರಿಲ್ಲ. ಗೊರವ ಬರುವುದಿಲ್ಲ, ಟಿಟ್ಟಿಭ ಮೊಟ್ಟೆಯಿಡುವುದಿಲ್ಲ. ಕೆರೆಯ ಒಂದು ಮಗ್ಗುಲನ್ನಾದರೂ ಮಣ್ಣಾಗಿ ಬಿಡಬೇಕೆಂದು ನಾವು ಕೇಳಬೇಕು.

ವಾಣಿವಿಲಾಸ ಸಾಗರದ ಮಾತು ಬೇರೆ. 1907ರಲ್ಲಿ ಕಟ್ಟಿ ಮುಗಿದ ಈ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ನಂತರ, 2022ರಲ್ಲಿ. ಬರದ ಸೀಮೆಗೆ ಅದು ಹಬ್ಬ, ನನಗೂ ಹಬ್ಬವೇ. ಆದರೆ ಹಿಂದೆ ವಿಶಾಲವಾಗಿ ಬಯಲಾಗುತ್ತಿದ್ದ ಅಂಚು ನೀರು ತುಂಬಿನಿಂತ ವರ್ಷ ಕಿರಿದಾಗುತ್ತದೆ. ಬೇಸಿಗೆಯಲ್ಲಿ ಟಿಟ್ಟಿಭ, ಗೊರವಗಳನ್ನು ಹುಡುಕುವವರು ಅಣೆಕಟ್ಟಿನ ಬಳಿ ನಿಲ್ಲದೆ ಹಿನ್ನೀರಿನ ತುದಿಯವರೆಗೆ, ಹೊಸದುರ್ಗದ ಕಡೆಯ ಆಳವಿಲ್ಲದ ಚಾಚುಗಳವರೆಗೆ ನಡೆಯಬೇಕು.